ಹದಿನಾಲ್ಕು ಮೆಟ್ಟಿಲಿನ ಹಾಡು

ಸೆಪ್ಟೆಂಬರ್ 6, 1926, ಸೋಮವಾರ. ವಿಯೆನ್ನಾ

ಬೇಸಿಗೆ ರಜೆ ಮುಗಿದು ಇವತ್ತು ಥಿಯೇಟರ್ ತೆರೆಯಿತು. ರೇಸಿ ನನ್ನ ಕೋಣೆಯ ಕನ್ನಡಿಗೆ ಹೊಸ ದೀಪ ಹಾಕಿಸಿದ್ದಾಳೆ. ಹದಿನೆಂಟು ವರ್ಷದಿಂದ ನನ್ನ ಉಡುಪಿನ ಹುಕ್ಕು ಹಾಕುತ್ತಿರುವವಳು ಅವಳು. "ಅಮ್ಮಾವ್ರೇ, ನಿಮ್ ಸೊಂಟ ಹೋದ್ ವರ್ಷದಷ್ಟೇ ಇದೆ" ಎಂದಳು. ಸುಳ್ಳು ಹೇಳುವಾಗ ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಳ್ಳುತ್ತಾಳೆ. ಇವತ್ತು ನಾಲ್ಕು ಕಚ್ಚಿಕೊಂಡಿದ್ದಳು.

ನವೆಂಬರ್ ಹದಿಮೂರಕ್ಕೆ ನಮ್ಮ ಸಂಗೀತ ನಾಟಕ 'ದೋಣಿಮನೆಯ ಒಡತಿ'ಯ ಐನೂರನೇ ಆಟ. 1907ರಲ್ಲಿ ಒಡತಿ ವಲೇಸ್ಕಾಳ ವೇಷದಲ್ಲಿ ಮೊದಲ ಸಲ ಮೆಟ್ಟಿಲಿಳಿದವಳು ನಾನು. ಇದುವರೆಗಿನ ನಾನೂರ ತೊಂಬತ್ತೊಂದು ಆಟಗಳಲ್ಲಿ ನಾನೂರ ಅರವತ್ತು ನನ್ನವು. ಐನೂರನೆಯದು ಯಾರದು ಎಂದು ಕೇಳುವ ಪ್ರಶ್ನೆಯೇ ಇಲ್ಲ.

ಆದರೂ ಡೈರೆಕ್ಟರ್ ಲಾಂಡೌವರ್ ತನ್ನ ಕೋಣೆಗೆ ಕರೆದು, ಕೆನೆ ಹಾಕಿದ ಕಾಫಿ ತರಿಸಿ, ಕೈಗೆ ಮುತ್ತಿಟ್ಟ. ಈ ಮನುಷ್ಯ ಕೆಟ್ಟ ಸುದ್ದಿಗೆ ಮಾತ್ರ ಕೆನೆ ಹಾಕಿಸುವುದು.

"ಬಂಗಾರದಂಥಾ ಟಿಲ್ಲಿ, ಅಪೊಲೋನಿಯಾ ಅತ್ತೆ ಪಾತ್ರಕ್ಕೆ ಯಾರೂ ಸಿಗ್ತಾ ಇಲ್ಲ. ನೀವು ಒಂದ್ಸಲ ಯೋಚನೆ ಮಾಡಿದ್ರೆ..."

ಅಪೊಲೋನಿಯಾ ಅತ್ತೆ! ಮೂರನೇ ಅಂಕದಲ್ಲಿ ಹನ್ನೆರಡು ನಿಮಿಷ ಬರುವ ಮುದುಕಿ. ಒಂದು ಕಿವಿ ಕೇಳುವುದಿಲ್ಲ, ಕೈಯಲ್ಲಿ ಯಾವಾಗಲೂ ತಿಂಡಿ. ನಾನು ನಕ್ಕ ರಭಸಕ್ಕೆ ಕೆನೆ ಅವನ ಕೋಟಿನ ಮೇಲೆ ಹಾರಿತು. "ಲಾಂಡೌವರ್, ಐನೂರಕ್ಕೂ ಕೇಳ್ಬೇಡಿ, ಆರುನೂರಕ್ಕೂ ಕೇಳ್ಬೇಡಿ" ಎಂದೆ.

ಐದು ವರ್ಷದ ಹಿಂದೆ ನ್ಯುಮೋನಿಯಾ ಬಂದಾಗ ಡಾಕ್ಟರು ಹಾಡನ್ನು ಮರೆತುಬಿಡಿ ಎಂದಿದ್ದರು. ಮೂರೇ ತಿಂಗಳಿಗೆ ವಾಪಸ್ಸು ಬಂದೆ. ಒಡತಿ ಇಳಿಯುತ್ತ ಹಾಡುವ ಮೆಟ್ಟಿಲಿನ ಹಾಡಿನ ಕೊನೆಯಲ್ಲಿರುವ ಅತಿ ಎತ್ತರದ ತುದಿಸ್ವರ ಆವತ್ತಿನಿಂದ ಮೊದಲಿಗಿಂತ ಸಲೀಸಾಗಿ ಬರುತ್ತಿದೆ. ನಲವತ್ತೈದನೇ ವಯಸ್ಸಿನಲ್ಲಿ (ಪತ್ರಿಕೆಯವರಿಗೆ ಮೂವತ್ತೆಂಟು) ಇಪ್ಪತ್ತಾರಕ್ಕಿಂತ ಚೆನ್ನಾಗಿ ಹಾಡುವವರು ವಿಯೆನ್ನಾದಲ್ಲಿ ಇನ್ನೊಬ್ಬರಿದ್ದರೆ ತೋರಿಸಲಿ. ದಿನಾ ಬೆಳಿಗ್ಗೆ ಹಸಿಮೊಟ್ಟೆಗೆ ಕಾನ್ಯಾಕ್ ಬ್ರಾಂಡಿ ಬೆರೆಸಿ ಕುಡಿಯುವ ಫಲ ಇದು.

ಸೆಪ್ಟೆಂಬರ್ 14, ಮಂಗಳವಾರ

ನನಗೆ ನೆಗಡಿಯಾದರೆ ಹಾಡಲಿ ಎಂದು ಒಬ್ಬ ಹುಡುಗಿಯನ್ನು ತಂದಿದ್ದಾರೆ. ಗಡಿಯಾಚೆಯ ಬ್ರೂನ್ ಊರಿನವಳು, ಇಪ್ಪತ್ತಮೂರು ವರ್ಷ, ಹೆಸರು ದಾನೆಕ್. ಅಗಲ ಭುಜ, ಬೆದರಿದ ಕಣ್ಣು, ಮೊಣಕಾಲ ಮೇಲೆ ತೇಪೆ ಹಾಕಿದ ಕಾಲುಚೀಲ.

ತಾಲೀಮಿನ ಪಿಯಾನೋ ಜೊತೆ ನನ್ನ ಮೆಟ್ಟಿಲಿನ ಹಾಡು ಹಾಡಿದಳು. ದೇವರೇ, ಏನು ಎತ್ತರ! ಹಾಡು ಮುಗಿಯುವವರೆಗೆ ನನ್ನ ಕತ್ತು ನೋಯುತ್ತಿತ್ತು. ಶ್ರುತಿ ಬಿಟ್ಟು ಮೇಲಕ್ಕೆ ಏರಿ ಹಾಡುವುದು ಹಳ್ಳಿ ಹುಡುಗಿಯರ ಚಾಳಿ. ಅದನ್ನು ಅವಳಿಗೆ ಅಲ್ಲಿಯೇ ಹೇಳಿದೆ: "ನೋಡಮ್ಮ, ಎತ್ತರ ಅಂದ್ರೆ ಕೂಗಾಟ ಅಲ್ಲ. ಒಡತಿ ದೋಣಿ ಕರೀತಾ ಇಲ್ಲ, ಪ್ರೀತಿ ಮಾಡ್ತಿದಾಳೆ."

ಪಾಪ, ಕಿವಿಯವರೆಗೆ ಕೆಂಪಾದಳು. ವಾದ್ಯಮೇಳ ನಡೆಸುವ ಗ್ರೂಬಿಚ್ ಮೇಷ್ಟ್ರು ನನ್ನ ಪರವಾಗಿ ಒಂದು ಮಾತಾಡಬಹುದಿತ್ತು. ಕರವಸ್ತ್ರ ತೆಗೆದು ಕನ್ನಡಕ ಒರೆಸುತ್ತ ಕೂತರು. ಈಚೆಗೆ ಆ ಕನ್ನಡಕಕ್ಕೆ ಬಹಳ ಧೂಳು ಹಿಡಿಯುತ್ತದೆ.

ಸೆಪ್ಟೆಂಬರ್ 28, ಮಂಗಳವಾರ

ದಾನೆಕ್ ಮನೆಗೆ ಬಂದಳು. ಬಾಗಿಲಲ್ಲೇ ನಿಂತು, ಹಾಡು ಹೇಳಿಕೊಡಿ ಎಂದು ಕೇಳಲಿಲ್ಲ, ಮೆಟ್ಟಿಲಿಳಿಯುವುದು ಹೇಳಿಕೊಡಿ ಎಂದಳು. ಅಲ್ಲಿಗೆ ಅವಳಿಗೆ ತಲೆ ಇದೆ ಎಂದು ಗೊತ್ತಾಯಿತು.

ಹದಿನಾಲ್ಕು ಮೆಟ್ಟಿಲು. ಆರು ಮೊಳದ ಹಿಂಬಾಲದ ಉಡುಪು, ಎತ್ತರದ ಹಿಮ್ಮಡಿ, ಕೈಯಲ್ಲಿ ಬೀಸಣಿಗೆ, ಬಾಯಲ್ಲಿ ಹಾಡು. ಕಣ್ಣು ಮಾತ್ರ ಕೆಳಗೆ ಹೋಗಕೂಡದು. ನಮ್ಮ ಮನೆಯ ಮಹಡಿ ಮೆಟ್ಟಿಲ ಮೇಲೆ ಹನ್ನೊಂದು ಸಲ ಇಳಿಸಿದೆ. ಮೇಜಿನ ಬಟ್ಟೆಯೇ ಉಡುಪಿನ ಬಾಲ.

"ಕಾಲು ನೋಡ್ಬೇಡ. ನೀನು ಕಾಲು ನೋಡಿದ್ರೆ ಸಾವಿರದಿನ್ನೂರು ಜನ ಕಾಲೇ ನೋಡ್ತಾರೆ. ಆಮೇಲೆ ಹಾಡು ಯಾರಿಗೆ ಬೇಕು? ಬೀಳ್ತಾಳೋ ಇಲ್ವೋ ಅಂತ ಕಾಯ್ತಾ ಕೂರ್ತಾರೆ."

"ಬಿದ್ರೆ ಏನ್ಮಾಡ್ಲಿ?"

"ಬಿದ್ದೆ ಅಂತ ಅವ್ರಿಗೆ ಗೊತ್ತಾಗ್ಬಾರ್ದು, ಅಷ್ಟೇ. ನೆಲದ ಮೇಲೆ ಏನೋ ಹುಡುಕೋಕೆ ಕೂತಿದೀಯಾ ಅನ್ಕೋಬೇಕು."

ಮೂರನೇ ಅಂಕದ ಅಭ್ಯಾಸಕ್ಕೆ ಅವಳಿಗೆ ಎದುರು ಮಾತು ಕೊಡುವವರು ಬೇಕಲ್ಲ, ಹಾಗಾಗಿ ಅಪೊಲೋನಿಯಾ ಅತ್ತೆಯ ಮಾತು ನಾನೇ ಆಡಿದೆ. ಗಂಭೀರವಾಗಿ ಏನಲ್ಲ, ಬಾಯಲ್ಲಿ ಅರ್ಧ ಕಿಪ್ಫೆರ್ಲ್ ರೊಟ್ಟಿ ತುರುಕಿಕೊಂಡು, ಕಿವುಡು ಕಿವಿಗೆ ಕೈ ಹಿಡಿದು. ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ ರೇಸಿ ನಗು ತಡೆಯಲಾರದೆ ಇಸ್ತ್ರಿಪೆಟ್ಟಿಗೆಯನ್ನು ನನ್ನ ರೇಷ್ಮೆ ಲಂಗದ ಮೇಲೆ ಮರೆತಳು. ಲಂಗ ಹೋಯಿತು. ನಾನು ಬೈಯಲಿಲ್ಲ, ಯಾಕೋ ಗೊತ್ತಿಲ್ಲ.

ಹುಡುಗಿ ನನ್ನ ಪಿಯಾನೋ ಮುಟ್ಟಿ ನೋಡಿ, "ಇದನ್ನ ಶ್ರುತಿ ಮಾಡ್ಸಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು. ಯುದ್ಧಕ್ಕೆ ಮುಂಚೆ. ಶ್ರುತಿ ಮಾಡುವವರು ಪಿಯಾನೋದ ಜೀವ ತೆಗೆಯುತ್ತಾರೆ. ನನಗೆ ಇದರ ದನಿ ಹಿತವಾಗಿದೆ.

ಅಕ್ಟೋಬರ್ 10, ಭಾನುವಾರ. ಬ್ರೂನ್‌ನಿಂದ ವಾಪಸ್ಸು, ರೈಲಿನಲ್ಲಿ

ಅಕ್ಷರ ಸೊಟ್ಟಗಾಗುತ್ತಿರುವುದು ರೈಲಿನಿಂದ.

ನಿನ್ನೆ ಬ್ರೂನ್ ಥಿಯೇಟರಿನವರು ಅತಿಥಿಯಾಗಿ ಕರೆಸಿದ್ದರು, ಅಲ್ಲಿನದೇ ತಂಡ, ಅಲ್ಲಿನದೇ ವಾದ್ಯಮೇಳ, ನಾನೊಬ್ಬಳು ಮಾತ್ರ ಇಲ್ಲಿಯವಳು. "ಬ್ರೂನ್ ಬೇಡ ಟಿಲ್ಲಿ, ಅಲ್ಲಿ ಚಳಿ" ಎಂದು ಗ್ರೂಬಿಚ್ ವಾರವೆಲ್ಲ ಗೊಣಗಿದ್ದರು. ಬೇರೆ ಕಡೆ ಹೋದಾಗಲೆಲ್ಲ ಅವರೂ ಬರುತ್ತಾರೆ, ತಮ್ಮ ಸ್ವರದ ಹಾಳೆಗಳ ಟ್ರಂಕು ಹೊತ್ತುಕೊಂಡು. ಈ ಸಲ ಹಲ್ಲುನೋವು ಎಂದು ನಿಂತರು. ಗಡಿಯಲ್ಲಿ ಪಾಸ್‌ಪೋರ್ಟ್ ನೋಡಿದವನು ನನ್ನ ಹುಟ್ಟಿದ ವರ್ಷವನ್ನು ಡಬ್ಬಿಗೆಲ್ಲ ಕೇಳುವಂತೆ ಓದಿದ. ಆಗಲೇ ಶಕುನ ಸರಿಯಿರಲಿಲ್ಲ.

ಮೆಟ್ಟಿಲಿನ ಹಾಡು ಶುರುವಾದ ಕೂಡಲೇ ಏನೋ ತಪ್ಪಿದೆ ಅನಿಸಿತು. ಎರಡನೇ ಸಾಲಿಗೇ ಹಾಡು ನನಗಿಂತ ಮೇಲೆ ಹೋಗಿತ್ತು. ತುದಿಸ್ವರ ಬಂತು, ಮಧ್ಯದಲ್ಲಿ ಸೀಳಿತು. ನಾನು ಬೀಸಣಿಗೆಯನ್ನು ಮೇಲಕ್ಕೆಸೆದು ಹಿಡಿದು, ಬೇಕೆಂದೇ ಮಾಡಿದ ತುಂಟಾಟವೆಂಬಂತೆ ನಕ್ಕೆ. ಚಪ್ಪಾಳೆ ಬಿತ್ತು. ಒನ್ಸ್ ಮೋರ್ ಎಂದು ಒಬ್ಬರೂ ಕೂಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಈ ಹಾಡಿಗೆ ಒನ್ಸ್ ಮೋರ್ ಬೀಳದ ದಿನ ಇದೊಂದೇ.

ಕಾರಣ ಸ್ಪಷ್ಟವಾಗಿದೆ. ಬ್ರೂನ್‌ನವರು ವಾದ್ಯಗಳನ್ನು ವಿಪರೀತ ಏರಿಸಿ ಕಟ್ಟುತ್ತಾರೆ. ದಾನೆಕ್ ಯಾಕೆ ಹಾಗೆ ಕೂಗುತ್ತಾಳೆಂದು ಈಗ ಅರ್ಥವಾಯಿತು, ಇಡೀ ಊರೇ ಹಾಗೆ. ಅಲ್ಲಿನ ಮ್ಯಾನೇಜರಿಗೆ ಖಾರವಾಗಿಯೇ ಒಂದು ಕಾಗದ ಬರೆದಿದ್ದೇನೆ.

ಅಕ್ಟೋಬರ್ 12, ಮಂಗಳವಾರ

ಕಾಗದದ ವಿಷಯ ಹೇಳಿದಾಗ ಹೆರ್ಮಾ (ದಾನೆಕ್‌ಳ ಮೊದಲ ಹೆಸರು) ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ಅಮ್ಮಾ, ನಾನು ಅಲ್ಲೇ ಮೂರು ವರ್ಷ ಕೋರಸ್‌ನಲ್ಲಿದ್ದೆ. ಅವ್ರ ಶ್ರುತಿ ಸರಿಯಾಗೇ ಇರುತ್ತೆ."

"ಹಂಗಾದ್ರೆ ನನ್ನ ಕಿವಿ ಕೆಟ್ಟಿದ್ಯಾ?"

"ಅಚ್ಚಾದ ಪುಸ್ತಕದಲ್ಲಿ ಇರೋ ಹಂಗೇ ನುಡಿಸ್ತಾರೆ ಅವ್ರು. ಇಲ್ಲಿ ಮಾತ್ರ..."

"ಇಲ್ಲಿ ಮಾತ್ರ ಏನು?"

ಎಷ್ಟು ಕೇಳಿದರೂ ತುಟಿ ಬಿಚ್ಚಲಿಲ್ಲ. ನಾನು ಇನ್ನು ನಾಳೆಯಿಂದ ಬರಬೇಡ ಎಂದೆ. ಅಳುತ್ತಾ ಹೋದಳು. ಮೆಟ್ಟಿಲಿಳಿಯುವಾಗ ಕಾಲು ನೋಡಲಿಲ್ಲ, ಅಷ್ಟರಮಟ್ಟಿಗೆ ಕಲಿತಿದ್ದಾಳೆ.

ಅಕ್ಟೋಬರ್ 14, ಗುರುವಾರ

ಮಧ್ಯಾಹ್ನ ಊಟದ ಹೊತ್ತಿಗೆ, ಥಿಯೇಟರ್ ಖಾಲಿಯಿರುವಾಗ, ವೇದಿಕೆಯ ಮುಂದೆ ವಾದ್ಯದವರು ಕೂರುವ ಗುಂಡಿಗೆ ಇಳಿದೆ. ಹತ್ತೊಂಬತ್ತು ವರ್ಷದಲ್ಲಿ ಅಲ್ಲಿಗೆ ನಾನು ಕಾಲಿಟ್ಟದ್ದು ಇದೇ ಮೊದಲು. ಮೇಲಿನಿಂದ ನೋಡುವವಳಿಗೆ ಕೆಳಗಿನ ಜಾಗ ಎಷ್ಟು ಇಕ್ಕಟ್ಟೆಂದು ಗೊತ್ತಿರಲಿಲ್ಲ.

ಮೊದಲ ಪಿಟೀಲಿನವನ ಹಾಳೆ ತೆರೆದೆ. ಮೆಟ್ಟಿಲಿನ ಹಾಡು ಬರುವ ಕಡೆ ಪುಟ ದಪ್ಪವಾಗಿತ್ತು. ಅಚ್ಚಾದ ಸಾಲುಗಳ ಮೇಲೆ ಕೈಬರಹದ ಸ್ವರಗಳ ಕಾಗದದ ಪಟ್ಟಿ ಅಂಟಿಸಿದ್ದರು. ಉಗುರಿನಿಂದ ಎಬ್ಬಿಸಿದೆ. ಅದರ ಕೆಳಗೆ ಇನ್ನೊಂದು ಪಟ್ಟಿ, ಅದರ ಕೆಳಗೆ ಅಚ್ಚು. ನನಗೆ ಸ್ವರ ಓದಲು ಬರುತ್ತದೆ. ಕೆಳಗಿನ ಪಟ್ಟಿ ಹಾಡನ್ನು ಅರ್ಧ ಸ್ವರ ಇಳಿಸಿತ್ತು, ಮೇಲಿನದು ಇನ್ನರ್ಧ. ಕೊಳಲು, ಕಹಳೆ, ದೊಡ್ಡ ಪಿಟೀಲು, ಎಲ್ಲ ಹಾಳೆಗಳಲ್ಲೂ ಹೀಗೇ. ಕೈಬರಹ ಗ್ರೂಬಿಚ್ ಮೇಷ್ಟ್ರದು. ಆ ಬಾಗಿದ ಸ್ವರದ ಗುಂಡುಗಳನ್ನು ನಾನು ಕತ್ತಲಲ್ಲೂ ಗುರುತಿಸಬಲ್ಲೆ.

ಒಂದು ಕಹಳೆಯ ಹಾಳೆಯ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದರು: 'ಬದಲಿಗೆ ಬಂದವರ ಗಮನಕ್ಕೆ. ಪಟ್ಟಿಯಲ್ಲಿದ್ದಂತೆ ನುಡಿಸಿ. ಆಕೆಗೆ ಹೇಳಬೇಡಿ.'

ಮೂವತ್ತೆರಡು ಜನ. ಐದು ವರ್ಷ. ಒಬ್ಬನೂ ಬಾಯಿ ಬಿಟ್ಟಿಲ್ಲ. ಹಸಿಮೊಟ್ಟೆಯಂತೆ, ಕಾನ್ಯಾಕಂತೆ!

ಅಕ್ಟೋಬರ್ 15, ಶುಕ್ರವಾರ

ಯಾರ ಮುಖವೂ ಬೇಡ.

ಅಕ್ಟೋಬರ್ 18, ಸೋಮವಾರ

ಗ್ರೂಬಿಚ್ ಮೇಷ್ಟ್ರನ್ನು ಕಾಫಿ ಹೌಸಿನಲ್ಲಿ ಹಿಡಿದೆ. ಚದುರಂಗ ಆಡುತ್ತಿದ್ದರು. ಪಟ್ಟಿಯನ್ನು ಮಣೆಯ ಮೇಲೆ, ರಾಜನ ಪಕ್ಕಕ್ಕೆ ಇಟ್ಟೆ. ಎದುರಿಗೆ ಕೂತಿದ್ದವರು ಟೋಪಿ ಎತ್ತಿಕೊಂಡು ಎದ್ದುಹೋದರು.

"ಯಾವಾಗಿಂದ?"

"ನ್ಯುಮೋನಿಯಾ ಆದ್ಮೇಲೆ. ಒಂದ್ ಚಳಿಗಾಲಕ್ಕೆ ಮಾತ್ರ ಅನ್ಕೊಂಡಿದ್ದೆ, ಟಿಲ್ಲಿ. ನೀನು ಸುಧಾರಿಸ್ಕೊಂಡ ಮೇಲೆ ಕಿತ್ತಾಕೋಣ ಅಂತ."

"ಎರಡನೇದು?"

"ಅದು ಎರಡು ವರ್ಷದ ಹಿಂದೆ." ಕನ್ನಡಕ ತೆಗೆದರು. ಒರೆಸಲಿಲ್ಲ.

"ನಂಗೆ ಒಂದ್ ಮಾತು ಹೇಳ್ಬಹುದಿತ್ತಲ್ಲ ಮೇಷ್ಟ್ರೇ?"

"ಹೇಳಿದ್ರೆ ನೀನು ಆ ಸ್ವರಕ್ಕೆ ಹೆದರ್ತಿದ್ದೆ. ನೀನು ಹೆದರಿದ್ದನ್ನ ನಾನು ಒಂದಿನಾನೂ ನೋಡಿಲ್ಲ. ನೋಡೋಕೆ ಇಷ್ಟ ಇರ್ಲಿಲ್ಲ ಮಾರಾಯ್ತಿ."

ಬಹಳ ಕೆಟ್ಟ ಮಾತು ಆಡಿದೆ. ಅವರು ಹೆಂಡತಿಯನ್ನು ಮಣ್ಣು ಮಾಡಿದ ದಿನವೂ ನನ್ನ ಹಾಡಿಗೆ ಕೋಲು ಹಿಡಿದು ನಿಂತವರು, ಅದು ಗೊತ್ತಿದ್ದೂ ಆಡಿದೆ. ಎಲ್ಲಾ ಕೇಳಿಸಿಕೊಂಡು ನನ್ನ ಕಾಫಿಗೂ ತಾವೇ ದುಡ್ಡು ಕೊಟ್ಟರು.

ಐನೂರನೇ ಆಟವನ್ನು ಅಚ್ಚಿನಲ್ಲಿರುವ ಎತ್ತರದಲ್ಲೇ ಹಾಡುತ್ತೇನೆ. ಪಟ್ಟಿಗಳನ್ನೆಲ್ಲ ಕೀಳಬೇಕು ಎಂದು ಅಲ್ಲಿಯೇ ಹೇಳಿ ಬಂದಿದ್ದೇನೆ.

ಅಕ್ಟೋಬರ್ 23, ಶನಿವಾರ

ಶ್ರುತಿ ಮಾಡುವವನನ್ನು ಕರೆಸಿದೆ. ಪಿಯಾನೋ ಪೂರಾ ಅರ್ಧ ಸ್ವರ ಕುಸಿದಿತ್ತಂತೆ. "ಅಮ್ಮಾವ್ರೇ, ಇದು ಬಹಳ ಮರ್ಯಾದಸ್ಥ ಪಿಯಾನೋ, ನಿಮ್ ಜೊತೇಲೇ ಇಳ್ಕೊಂಡು ಬಂದಿದೆ" ಎಂದ. ಅವನು ಏನೂ ಗೊತ್ತಿಲ್ಲದೆ ಆಡಿದ ಮಾತು. ಒಳಗೆ ರೇಸಿಯ ಬಾಯಿಂದ ಗುಂಡುಸೂಜಿ ಬಿದ್ದ ಸದ್ದಾಯಿತು.

ದಿನಕ್ಕೆ ಮೂರು ಸಲ ಅಭ್ಯಾಸ. ತುದಿಸ್ವರ ಐದರಲ್ಲಿ ಒಂದು ಸಲ ಬರುತ್ತಿದೆ.

ಅಕ್ಟೋಬರ್ 27, ಬುಧವಾರ

ಐದರಲ್ಲಿ ಎರಡು ಸಲ. ನಾನು ಅಂದರೆ ಯಾರೆಂದುಕೊಂಡಿದ್ದಾರೆ!

ಹೆರ್ಮಾಳನ್ನು ಕರೆಸಿಕೊಂಡೆ. ಕ್ಷಮೆ ಕೇಳುವುದು ನನಗೆ ಬರುವುದಿಲ್ಲ, ಗೂಲಾಷ್ ಬಡಿಸಿದೆ. ಎರಡು ತಟ್ಟೆ ತಿಂದಳು. ಅಪೊಲೋನಿಯಾ ಅತ್ತೆಗೆ ಒಂದು ಹೊಸ ತಮಾಷೆ ಹೊಳೆದಿದೆ: ವರನನ್ನು ಪರೀಕ್ಷಿಸುವಾಗ ಅವನ ಕೆನ್ನೆ ಹಿಂಡಿ, ಕೈಯಲ್ಲಿರುವ ರೊಟ್ಟಿಯನ್ನೂ ಹಿಂಡಿ, ರೊಟ್ಟಿಯನ್ನೇ ಆರಿಸಿಕೊಳ್ಳುವುದು. ಕಿವುಡು ಕಿವಿ ಬಲಗಡೆಯದು ಇರಬೇಕು, ಎಡಗಡೆಯದಲ್ಲ. ಆಗ ವರ ಸುತ್ತಿ ಬರಬೇಕಾಗುತ್ತದೆ, ಮುದುಕಿ ಅಷ್ಟರಲ್ಲಿ ತಿರುಗಿಬಿಡುತ್ತಾಳೆ. ಆ ಪಾತ್ರ ಮಾಡುವ ದುರ್ದೈವಿ ಯಾರೇ ಆಗಲಿ, ಅವಳಿಗೆ ಹೇಳಿಕೊಡಬೇಕು.

ನವೆಂಬರ್ 3, ಬುಧವಾರ

ಇವತ್ತು ಪೂರ್ತಿ ವಾದ್ಯಮೇಳದ ಜೊತೆ ತಾಲೀಮು. ಪಟ್ಟಿಗಳೆಲ್ಲ ಕಿತ್ತಿದ್ದವು. ಅಚ್ಚಿನ ಎತ್ತರ.

ಮೆಟ್ಟಿಲ ತುದಿಯಲ್ಲಿ ನಿಂತಾಗ ರೇಸಿ ಅದೃಷ್ಟಕ್ಕೆಂದು ನನ್ನ ಎಡಭುಜದ ಮೇಲೆ ಮೂರು ಸಲ ತೂ ತೂ ತೂ ಎಂದಳು. ನಾನು ಪದ್ಧತಿಯಂತೆ ಥ್ಯಾಂಕ್ಸ್ ಹೇಳದೆ ಇಳಿದೆ. ಒಂದು, ಎರಡು, ಮೂರು. ಗಂಟಲು ತೆರೆದಿತ್ತು. ಹದಿಮೂರು, ಹದಿನಾಲ್ಕು. ತುದಿಸ್ವರ ಬಂತು. ಸೀಳದೆ, ನಡುಗದೆ, ಅಚ್ಚಿನಲ್ಲಿ ಇರುವಷ್ಟೂ ಹೊತ್ತು ನಿಂತಿತು. ಹಾಡಿದೆ! ಇದನ್ನು ಇಲ್ಲಿ ದೊಡ್ಡದಾಗಿ ಬರೆದಿಡುತ್ತೇನೆ: 1926 ನವೆಂಬರ್ 3ರಂದು, ಬೆಳಿಗ್ಗೆ ಹನ್ನೊಂದೂ ಕಾಲಿಗೆ, ಓಟಿಲಿಯೆ (ಟಿಲ್ಲಿ) ಹವ್ರಾನೆಕ್ ಹಾಡಿದಳು.

ವಾದ್ಯದವರೆಲ್ಲ ಎದ್ದು ನಿಂತು ಕಮಾನುಗಳನ್ನು ಸ್ಟ್ಯಾಂಡಿಗೆ ಬಡಿದರು. ಕಹಳೆಯವನು ಕಣ್ಣೊರೆಸಿಕೊಂಡ.

ಆದರೆ ಆ ಸ್ವರಕ್ಕೆ ಮುಂಚೆ ಒಂದು ಕ್ಷಣದ ವಿರಾಮವಿದೆಯಲ್ಲ, ಆಗ ನಾನು ಕೆಳಗೆ ಅವರ ಮುಖ ನೋಡಿದ್ದೆ. ಮೂವತ್ತೆರಡು ಜನರೂ ಉಸಿರು ಹಿಡಿದಿದ್ದರು. ನನ್ನ ಜೊತೆಯ ನಾಯಕ ತನ್ನ ಮುಂದಿನ ಮಾತನ್ನೇ ಮರೆತ, ಅದಾದ ಮೇಲಿನ ನಗೆಮಾತಿಗೆ ಒಬ್ಬರೂ ನಗಲಿಲ್ಲ. ಒಡತಿ ಪ್ರೀತಿ ಮಾಡುತ್ತಿದ್ದಾಳೆಂಬುದು ಅವರಿಗೆ ನೆನಪಿರಲಿಲ್ಲ. ಬೀಳುತ್ತಾಳೋ ಇಲ್ಲವೋ ಎಂದು ಕಾಯುತ್ತಿದ್ದರು.

ಹತ್ತು ನಿಮಿಷ ಬಿಟ್ಟು, "ಮೇಷ್ಟ್ರೇ, ಅದೇ ಹಾಡು, ಮೊದಲಿಂದ. ಹೆರ್ಮಾ, ಮೇಲೆ ಹೋಗು" ಎಂದೆ.

ನಾನು ಹತ್ತನೇ ಸಾಲಿನಲ್ಲಿ ಕೂತು ಕೇಳಿದೆ. ತುದಿಸ್ವರ ಬಂತೋ ಇಲ್ಲವೋ ನನಗೆ ಗೊತ್ತೇ ಆಗಲಿಲ್ಲ. ನಾನು ಅವಳ ಮುಖ ನೋಡುತ್ತಿದ್ದೆ, ಅವಳು ಆ ಪೆದ್ದು ನಾಯಕನನ್ನು ನೋಡುತ್ತಿದ್ದಳು, ಅವನಿಗೆ ಎಲ್ಲ ಮಾತೂ ನೆನಪಿತ್ತು. ಈ ಹಾಡು ನಿಜವಾಗಿ ಹೀಗಿದೆಯೆಂಬುದನ್ನು ನಾನು ಐದು ವರ್ಷದಿಂದ ಮರೆತಿದ್ದೆ.

ಲಾಂಡೌವರ್ ಹಿಂದೆ ಬಂದು ನಿಂತಿದ್ದ. "ಐನೂರನೇದು ಅವಳು ಹಾಡ್ತಾಳೆ" ಎಂದೆ. ಹೊಟ್ಟೆಕಿಚ್ಚಿದೆ, ಇಲ್ಲ ಎಂದು ಇಲ್ಲಿ ಬರೆದರೆ ಯಾರಿಗೆ ಮೋಸ? ಅವನು ಕಾಫಿ ತರಿಸಲೇ ಎಂದು ಕೇಳಿದ. ಕೆನೆ ಬೇಡ ಎಂದೆ.

ನವೆಂಬರ್ 8, ಸೋಮವಾರ

ಅಪೊಲೋನಿಯಾ ಅತ್ತೆಯನ್ನು ಈ ಒಂದು ಆಟಕ್ಕೆ ಮಾತ್ರ ಒಪ್ಪಿದ್ದೇನೆ, ಬೇರೆ ಯಾರೂ ಸಿಗದ ಕಾರಣಕ್ಕೆ.

ಆ ಪಾತ್ರಕ್ಕೆ ಒಂದು ಹಾಸ್ಯದ ಹಾಡಿದೆ. ಗಂಡು ದನಿಯ ಹೆಂಗಸೊಬ್ಬಳಿಗಾಗಿ ಬರೆದದ್ದು, ಇವತ್ತು ಹಾಡಿ ನೋಡಿದರೆ ನೆಲಮಾಳಿಗೆಗೆ ಇಳಿದಂತಿದೆ. ಕೆಳಗಿನ ಸ್ವರಗಳು ನನ್ನ ಬಾಯಿಂದ ಹೊರಗೇ ಬರಲಿಲ್ಲ.

"ಮೇಷ್ಟ್ರೇ, ಇದು ನಂಗೆ ತೀರಾ ತಗ್ಗು. ಒಂದು ಸ್ವರ ಏರಿಸ್ಬೇಕು."

ಗ್ರೂಬಿಚ್ ಕೋಲು ಕೆಳಗಿಟ್ಟರು. ಆಮೇಲೆ ಕಹಳೆಯವನು ಮೊದಲು ನಕ್ಕ, ನಾನು ಎರಡನೆಯವಳು.

ಸಾಯಂಕಾಲ ಮೇಷ್ಟ್ರ ಮನೆಯಲ್ಲಿ ಕೂತು ಪಟ್ಟಿ ಅಂಟಿಸಿದೆವು. ಅವರು ಬರೆದರು, ನಾನು ಗೋಂದು ಹಚ್ಚಿದೆ, ಹೆರ್ಮಾ ಕತ್ತರಿಸಿದಳು. ಕಹಳೆಯ ಹಾಳೆಯ ಅಂಚಿನಲ್ಲಿ ನಾನೇ ಪೆನ್ಸಿಲಿನಲ್ಲಿ ಬರೆದೆ: 'ಪಟ್ಟಿಯಲ್ಲಿದ್ದಂತೆ ನುಡಿಸಿ. ಆಕೆಗೆ ಗೊತ್ತಿದೆ.'

ನವೆಂಬರ್ 14, ಭಾನುವಾರ, ಬೆಳಿಗ್ಗೆ

ಕೋಣೆಯ ತುಂಬ ಹೂವು. ಅರ್ಧ ನನ್ನ ಹುಡುಗಿ ಹೆರ್ಮಾಗೆ ಬಂದದ್ದು, ಅವಳ ಬಾಡಿಗೆ ಕೋಣೆಯಲ್ಲಿ ಬಕೆಟ್ಟಿಲ್ಲ. ಅವಳ ಮೆಟ್ಟಿಲಿನ ಹಾಡಿಗೆ ಒನ್ಸ್ ಮೋರ್ ಮೂರು ಸಲ ಬಿತ್ತು. ಮೊದಲ ಅಂಕ ಮುಗಿಯುವವರೆಗೆ ನಾನು ಪರದೆಯ ಪಕ್ಕದಲ್ಲಿ ನಿಂತು ಅವಳ ಕಾಲನ್ನೇ ನೋಡುತ್ತಿದ್ದೆ. ಅವಳು ನೋಡಲಿಲ್ಲ.

ಮೂರನೇ ಅಂಕಕ್ಕೆ ಮೊದಲ ಅಂಕದ ಮೆಟ್ಟಿಲೇ ಹೋಟೆಲಿನ ಮೆಟ್ಟಿಲಾಗುತ್ತದೆ, ಹಾಸುಗಂಬಳಿ ಬೇರೆ ಅಷ್ಟೇ. ಅಪೊಲೋನಿಯಾ ಅತ್ತೆ ಬಾಗಿಲಿಂದ ಬರಬೇಕೆಂದು ಪುಸ್ತಕದಲ್ಲಿದೆ. ನಾನು ಯಾರಿಗೂ ಹೇಳದೆ ಮೆಟ್ಟಿಲ ತುದಿಗೆ ಹತ್ತಿ ನಿಂತೆ. ದಪ್ಪ ಹೊಟ್ಟೆ ಕಟ್ಟಿಕೊಂಡು, ನರೆಗೂದಲ ಟೋಪನ್ ಹಾಕಿಕೊಂಡು, ಕೈಯಲ್ಲಿ ಕಿಪ್ಫೆರ್ಲ್. ಜನರಿಗೆ ಮೊದಲು ಗುರುತು ಸಿಗಲಿಲ್ಲ, ಆಮೇಲೆ ಸಿಕ್ಕಿತು. ಸಾವಿರದಿನ್ನೂರು ಜನ ಒಮ್ಮೆಲೇ ಸುಮ್ಮನಾದರು. ಇದೇ ಮೆಟ್ಟಿಲು, ಇದೇ ಹೆಂಗಸು, ಅವರು ಏನು ನೆನೆಸಿಕೊಳ್ಳುತ್ತಿದ್ದರೆಂದು ನನಗೆ ಗೊತ್ತಿತ್ತು. ಕೆಳಗೆ ಗ್ರೂಬಿಚ್ ಕೋಲೆತ್ತಿ ನನ್ನ ಕಡೆ ನೋಡುತ್ತಿದ್ದರು.

ನಾನು ಲಂಗ ಮೊಣಕಾಲಿನವರೆಗೆ ಎತ್ತಿ, ಬಗ್ಗಿ, ನನ್ನ ಬಲಗಾಲನ್ನು ಚೆನ್ನಾಗಿ ನೋಡಿದೆ. "ಒಂದು" ಎಂದು ಗಟ್ಟಿಯಾಗಿ ಎಣಿಸಿ ಕೆಳಗಿನ ಮೆಟ್ಟಿಲ ಮೇಲೆ ಇಟ್ಟೆ. ಆಮೇಲೆ ಎಡಗಾಲನ್ನು, ಅದರ ಮೇಲೆ ನಂಬಿಕೆಯಿಲ್ಲದಂತೆ, ಇನ್ನೂ ಹೆಚ್ಚು ಹೊತ್ತು ನೋಡಿದೆ. "ಎರಡು." ಯಾರೋ ಬಾಲ್ಕನಿಯಲ್ಲಿ ಕಿಸಕ್ಕೆಂದರು. ಐದನೇ ಮೆಟ್ಟಿಲಿಗೆ ಇಡೀ ಥಿಯೇಟರ್ ನಗುತ್ತಿತ್ತು. ಎಂಟನೆಯದರಲ್ಲಿ ಕೂತು ಕಿಪ್ಫೆರ್ಲ್ ತಿಂದೆ. ಹನ್ನೊಂದಕ್ಕೆ ಅವರೂ ನನ್ನ ಜೊತೆ ಎಣಿಸತೊಡಗಿದರು. ನಾನು ಕಾಲು ನೋಡಿದೆ, ಅವರು ಕಾಲು ನೋಡಿದರು, ನಾವೆಲ್ಲ ಕೂಡಿ ಹದಿನಾಲ್ಕಕ್ಕೆ ತಲುಪಿದೆವು.

ಒನ್ಸ್ ಮೋರ್ ಎಂದು ಕೂಗಿದರು. ಹಾಡಿಗಲ್ಲ, ಇಳಿದದ್ದಕ್ಕೆ! ಹತ್ತೊಂಬತ್ತು ವರ್ಷದಲ್ಲಿ ಇಂಥದನ್ನು ನಾನು ಕೇಳಿರಲಿಲ್ಲ. ಗ್ರೂಬಿಚ್ ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಿದ್ದರು.

ಇನ್ನೊಂದು ಸಲ ಮೇಲೆ ಹತ್ತಿ, ಇನ್ನೊಂದು ಸಲ ಇಳಿದೆ.